ಹೆಪ್ಪು ಹಾಕೋದು ಒಂದೇ ಸಲ: ಫ್ಲಾಸ್ಕ್ ಆ್ಯಪ್‌ಗೆ ಮೊದಲ ಡೇಟಾ ತುಂಬುವುದು ಹೇಗೆ

(ಇದು ವಿಡಿಯೋದಲ್ಲಿ ಆಡಿದ ಮಾತಿನ ಬರಹ ರೂಪ. ಸ್ಕ್ರೀನ್ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

 

ಇವತ್ತಿನ ವಿಷಯ ಕೇಳೋಕೆ ತೀರಾ ಸಣ್ಣದು. ಹೊಸ ವೆಬ್ ಆ್ಯಪ್ ಬರೆದಿದ್ದೀರಿ. ಡೇಟಾಬೇಸ್ ಇದೆ, ಟೇಬಲ್‌ಗಳಿವೆ. ಆದರೆ ಎಲ್ಲ ಖಾಲಿ. ಖಾಲಿ ಟೇಬಲ್ ಇಟ್ಕೊಂಡು ಆ್ಯಪ್ ಓಡಲ್ಲ. ಅಡ್ಮಿನ್ ಅಂತ ಒಬ್ಬ ಇರಬೇಕು, ಬಳಕೆದಾರರ ದರ್ಜೆಗಳು ಇರಬೇಕು, ರಾಜ್ಯಗಳ ಪಟ್ಟಿ ಇರಬೇಕು, ದರಪಟ್ಟಿ ಇರಬೇಕು. ಇದನ್ನು ನಾವು ಇನಿಶಿಯಲ್ ಡೇಟಾ ಅಂತೀವಿ, ಸೀಡ್ ಡೇಟಾ ಅಂತಲೂ ಅಂತೀವಿ. ನಾನು ಇದನ್ನು ಹೆಪ್ಪು ಅಂತೀನಿ. ಪುಣೆಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವರ ಹತ್ತಿರ ಒಂದು ಚಮಚ ಹೆಪ್ಪು ಇಸ್ಕೊಂಡು ಬಂದಿದ್ದೆ. ಆಮೇಲೆ ಇವತ್ತಿನ ಮೊಸರಿನಿಂದಲೇ ನಾಳೆಯ ಮೊಸರು. ಯಾರ ಮನೆಗೂ ಹೋಗಬೇಕಾಗಲಿಲ್ಲ.

ಈ ಒಂದು ಚಮಚವನ್ನು ಎಲ್ಲಿ, ಯಾವಾಗ, ಎಷ್ಟು ಸಲ ಹಾಕಬೇಕು ಅನ್ನೋದನ್ನು ನಾನು ಒಂದು ಸಲ ತಪ್ಪು ಮಾಡಿ ಕಲಿತೆ. ಆ ತಪ್ಪಿನ ಬೆಲೆ ನಾನು ತೆರಲಿಲ್ಲ, ಇನ್ನೊಬ್ಬರು ತೆರಬೇಕಾಯ್ತು. ಅದಕ್ಕೇ ಈ ಮಾತು.

ಉದಾಹರಣೆಗೆ ಫ್ಲಾಸ್ಕ್ ತಗೊಂಡಿದ್ದೀನಿ. ಫ್ಲಾಸ್ಕ್ ಪೈಥಾನ್‌ನ ಒಂದು ಪುಟ್ಟ ವೆಬ್ ಫ್ರೇಮ್‌ವರ್ಕ್, 2010ರಲ್ಲಿ ಬಂದಿದ್ದು. ಅದರಲ್ಲಿ ಡೇಟಾಬೇಸ್ ಅನ್ನೋದೇ ಇಲ್ಲ. ಬೇಕಾದರೆ ಪ್ಲಗಿನ್ ಹಾಕ್ಕೋಬೇಕು. ಸಾಮಾನ್ಯವಾಗಿ ಎರಡು ಹಾಕ್ಕೋತೀವಿ: ಟೇಬಲ್‌ಗಳನ್ನು ಪೈಥಾನ್ ಕ್ಲಾಸ್‌ಗಳಾಗಿ ಬರೆಯೋಕೆ ಫ್ಲಾಸ್ಕ್-ಎಸ್‌ಕ್ಯೂಎಲ್‌ಆಲ್ಕೆಮಿ, ಟೇಬಲ್‌ಗಳ ಆಕಾರ ಬದಲಾದಾಗ ಅದನ್ನು ಹಂತ ಹಂತವಾಗಿ ಡೇಟಾಬೇಸ್‌ಗೆ ತಲುಪಿಸೋಕೆ ಫ್ಲಾಸ್ಕ್-ಮೈಗ್ರೇಟ್. ಈ ಎರಡನೆಯದರ ಒಳಗೆ ಕೆಲಸ ಮಾಡೋದು ಅಲೆಂಬಿಕ್ ಅನ್ನೋ ಲೈಬ್ರರಿ. ನೀವು ಜ್ಯಾಂಗೋ ಅಥವಾ ರೈಲ್ಸ್ ಬಳಸೋರಾದರೂ ಎದ್ದು ಹೋಗಬೇಡಿ. ಹೆಸರು ಬೇರೆ ಅಷ್ಟೇ, ಸಮಸ್ಯೆ ಒಂದೇ.

ನಡೆದದ್ದೇನು

ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೆ. ಎಂಟೆಕ್ ಮುಗಿಸಿ ಬಂದಿದ್ದೆ, ತಲೆಯಲ್ಲಿ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಥಿಯರಿ ತುಂಬಿತ್ತು, ಕೈಯಲ್ಲಿ ಅನುಭವ ಕಮ್ಮಿ. ನಮ್ಮ ಗ್ರಾಹಕರಲ್ಲಿ ಒಬ್ಬರು ರಕ್ತ ಪರೀಕ್ಷೆಯ ಲ್ಯಾಬ್ ನಡೆಸ್ತಿದ್ದರು. ಅವರಿಗೆ ಬಿಲ್ಲಿಂಗ್ ಆ್ಯಪ್ ಮಾಡಿಕೊಟ್ವಿ. ಪರೀಕ್ಷೆಗಳ ದರಪಟ್ಟಿಯನ್ನು ಅವರು ಎಕ್ಸೆಲ್‌ನಲ್ಲಿ ಕೊಟ್ಟರು. ಅದನ್ನು ಡೇಟಾಬೇಸ್‌ಗೆ ತುಂಬೋ ಕೆಲಸ ನನ್ನದು.

ನಾನು ಏನು ಮಾಡಿದೆ ಅಂದ್ರೆ, ಆ್ಯಪ್ ಶುರುವಾಗುವಾಗ ಓಡುವ ಕ್ರಿಯೇಟ್ ಆ್ಯಪ್ ಅನ್ನೋ ಫಂಕ್ಷನ್ ಇರುತ್ತಲ್ಲ, ಅದರೊಳಗೆ ಎರಡು ಸಾಲು ಸೇರಿಸಿದೆ. ಮೊದಲನೆಯದು ಡಿಬಿ ಡಾಟ್ ಕ್ರಿಯೇಟ್ ಆಲ್, ಅಂದ್ರೆ ಟೇಬಲ್ ಇಲ್ಲದಿದ್ದರೆ ಮಾಡು. ಎರಡನೆಯದು ನನ್ನದೇ ಸೀಡ್ ಫಂಕ್ಷನ್. ಅದು ದರಪಟ್ಟಿಯ ಒಂದೊಂದು ಸಾಲನ್ನೂ ಐಡಿ ಸಮೇತ ಸೆಷನ್ ಡಾಟ್ ಮರ್ಜ್‌ಗೆ ಕೊಡ್ತಿತ್ತು. ಮರ್ಜ್ ಅಂದ್ರೆ, ಆ ಐಡಿ ಇಲ್ಲದಿದ್ದರೆ ಹೊಸದಾಗಿ ಸೇರಿಸು, ಇದ್ದರೆ ನಾನು ಕೊಟ್ಟ ಬೆಲೆಗೆ ಬದಲಾಯಿಸು. ಎಷ್ಟು ಸಲ ಓಡಿಸಿದರೂ ಡೂಪ್ಲಿಕೇಟ್ ಆಗಲ್ಲ. ನನಗೆ ಬಹಳ ಹೆಮ್ಮೆ. ರಿವ್ಯೂನಲ್ಲೂ ಯಾರೂ ಏನೂ ಅನ್ನಲಿಲ್ಲ.

ಮೂರು ತಿಂಗಳು ಎಲ್ಲ ಸರಿ ಇತ್ತು. ಆಮೇಲೆ ಲ್ಯಾಬ್‌ನವರು ಥೈರಾಯ್ಡ್ ಪರೀಕ್ಷೆಯ ದರವನ್ನು 450ರಿಂದ 550ಕ್ಕೆ ಏರಿಸಿದರು. ಕೌಂಟರ್‌ನಲ್ಲಿ ಕೂರೋ ಒಬ್ಬ ಹೆಣ್ಣುಮಗಳು ಆ್ಯಪ್‌ನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ದರ ಬದಲಾಯಿಸಿದರು. ಎರಡು ದಿನ ಬಿಟ್ಟು ನಾವು ಏನೋ ಸಣ್ಣ ಫಿಕ್ಸ್ ಡಿಪ್ಲಾಯ್ ಮಾಡಿದ್ವಿ. ಆ್ಯಪ್ ರೀಸ್ಟಾರ್ಟ್ ಆಯ್ತು. ಸೀಡ್ ಓಡಿತು. ದರ ಮತ್ತೆ 450.

ಆಕೆ ಅದನ್ನು ಗಮನಿಸಿ ಮತ್ತೆ 550 ಮಾಡಿದರು. ಸರ್ವರ್‌ನಲ್ಲಿ ಮೆಮೊರಿ ಸಾಲದೆ ಆ್ಯಪ್ ಒಂದು ರಾತ್ರಿ ತಾನೇ ಬಿದ್ದು ಎದ್ದಿತು. ಮತ್ತೆ 450. ತಿಂಗಳ ಕೊನೆಯಲ್ಲಿ ಮಾಲೀಕರು ಲೆಕ್ಕ ಹಾಕಿದಾಗ 94 ಬಿಲ್‌ಗಳಲ್ಲಿ ತಲಾ 100 ರೂಪಾಯಿ ಕಮ್ಮಿ. ಒಟ್ಟು 9,400.

ಅವರು ಆ್ಯಪ್‌ನ ಲಾಗ್ ತೆಗೆದು ನೋಡಿದರು. ಆ ದರವನ್ನು ಮುಟ್ಟಿದ ಹೆಸರು ಒಂದೇ, ಆಕೆಯದು, ಅದೂ ಮೂರು ಸಲ. ನಮ್ಮ ಲಾಗ್ ಬರೀತಿದ್ದದ್ದು ವೆಬ್ ಫಾರ್ಮ್ ಸೇವ್ ಆದಾಗ ಮಾತ್ರ. ಸೀಡ್ ಫಂಕ್ಷನ್ ಹಿಂಬಾಗಿಲಿಂದ ಬಂದು ಹೋಗ್ತಿತ್ತು, ಅದರ ಗುರುತೇ ಇಲ್ಲ. ಗೊತ್ತಿರೋರಿಗೆ ಕಮ್ಮಿ ಬಿಲ್ ಮಾಡೋಕೆ ಆಕೆ ದರ ಇಳಿಸಿ ಏರಿಸಿ ಆಟ ಆಡ್ತಿದ್ದಾರೆ ಅಂತ ಅವರ ತೀರ್ಮಾನ. ಸಂಬಳದಲ್ಲಿ ಹಿಡ್ಕೋತೀವಿ ಅಂದರು.

ನಮಗೆ ಫೋನ್ ಬಂದಿದ್ದು ಸಾಕ್ಷಿ ಕೇಳೋಕೆ. ಲಾಗ್ ಸರಿ ಇದೆ ಅಂತ ಒಂದು ಈಮೇಲ್ ಬರೆದು ಕೊಡಿ ಅಂತ. ನಾನು ಲಾಗ್ ತೆಗೆದೆ. ಮೂರು ಸಾಲು. ಮೂರರಲ್ಲೂ ಹಳೇ ಬೆಲೆ 450, ಹೊಸ ಬೆಲೆ 550. ಏರಿಸಿದ್ದು ಮೂರು ಸಲ ಇದೆ, ಇಳಿಸಿದ್ದು ಒಂದು ಸಲವೂ ಇಲ್ಲ. ಇಳಿಸಿದೋರು ಯಾರು ಹಾಗಾದ್ರೆ? ಕೋಡ್ ತೆಗೆದು, ಆ ಸಾಲನ್ನು ಬರೆದೋರು ಯಾರು ಅಂತ ಗಿಟ್‌ನಲ್ಲಿ ನೋಡಿದೆ. ನನ್ನ ಹೆಸರು.

ಅವತ್ತೇ ಲ್ಯಾಬ್‌ಗೆ ಹೋಗಿ, ಮಾಲೀಕರ ಮುಂದೆ, ಆಕೆಯ ಮುಂದೆ, ತಪ್ಪು ನನ್ನ ಕೋಡಿನದು ಅಂತ ಹೇಳಿ ಲಾಗ್ ತೋರಿಸಿ ವಿವರಿಸಿದೆ. ಸಂಬಳ ಉಳೀತು. ಆದರೆ ಒಂದು ವಾರ ಆಕೆ ಆ ಕೌಂಟರ್‌ನಲ್ಲಿ ಕಳ್ಳಿ ಅನ್ನಿಸ್ಕೊಂಡು ಕೂತಿದ್ದರಲ್ಲ, ಅದಕ್ಕೆ ಯಾವ ರೋಲ್‌ಬ್ಯಾಕೂ ಇಲ್ಲ.

ಈ ಸಾಲಿನ ಯಜಮಾನ ಯಾರು?

ನನ್ನ ಸೀಡ್‌ನಲ್ಲಿ ಬಗ್ ಇರಲಿಲ್ಲ, ನೋಡಿ. ನಾನು ಹೇಳಿದ್ದನ್ನೇ ಅದು ಮಾಡ್ತಿತ್ತು. ತಪ್ಪಿದ್ದದ್ದು ನನ್ನ ಆಲೋಚನೆಯಲ್ಲಿ. ಇನಿಶಿಯಲ್ ಡೇಟಾ ಅಂದ್ರೆ ಒಂದೇ ಜಾತಿಯ ವಸ್ತು ಅಂತ ತಿಳ್ಕೊಂಡಿದ್ದೆ. ಹಾಗಲ್ಲ. ಪ್ರತಿ ಟೇಬಲ್‌ಗೂ ಒಂದು ಪ್ರಶ್ನೆ ಕೇಳಬೇಕು: ಒಂದು ಸಲ ತುಂಬಿದ ಮೇಲೆ ಈ ಸಾಲಿನ ಯಜಮಾನ ಯಾರು? ಉತ್ತರ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು.

ಒಂದು, ಯಜಮಾನ ಕೋಡ್. ಬಳಕೆದಾರರ ದರ್ಜೆಗಳು, ಬಿಲ್‌ನ ಸ್ಥಿತಿಗಳು, ಅನುಮತಿಗಳು. ಕೋಡ್‌ನಲ್ಲಿ ಎಲ್ಲೋ ದರ್ಜೆ ಅಡ್ಮಿನ್ ಆಗಿದ್ದರೆ ಅಂತ ಬರೆದಿರ್ತೀರಿ. ಆ ಸಾಲು ಡೇಟಾಬೇಸ್‌ನಲ್ಲಿ ಇಲ್ಲದಿದ್ದರೆ ಕೋಡೇ ಅರ್ಧ. ಇದು ಡೇಟಾ ರೂಪದಲ್ಲಿರೋ ಕೋಡು. ಕೋಡಿನ ಜೊತೆಗೇ ಹೋಗಬೇಕು, ಅಂದ್ರೆ ಮೈಗ್ರೇಷನ್‌ನಲ್ಲಿ.

ಎರಡು, ಯಜಮಾನ ಹೊರಗಿನವರು. ರಾಜ್ಯಗಳು, ಜಿಲ್ಲೆಗಳು, ಜಿಎಸ್‌ಟಿಯ ರಾಜ್ಯ ಸಂಕೇತಗಳು. ಇದನ್ನು ನೀವೂ ಬದಲಾಯಿಸಲ್ಲ, ನಿಮ್ಮ ಗ್ರಾಹಕರೂ ಬದಲಾಯಿಸಲ್ಲ. ಸರ್ಕಾರ ಬದಲಾಯಿಸಿದಾಗ ನೀವು ಹಿಂದೆ ಓಡಬೇಕು. ಇದಕ್ಕೆ ಬೇಕಾದಾಗ ಓಡಿಸೋ, ಇದ್ದದ್ದನ್ನು ತಿದ್ದೋ, ಇಲ್ಲದ್ದನ್ನು ಸೇರಿಸೋ ಒಂದು ಕಮಾಂಡ್ ಸರಿ. ವರ್ಷಕ್ಕೊಂದು ಸಲ ಬದಲಾಗೋದಾದರೆ ಮೈಗ್ರೇಷನ್ ಕೂಡ ಆಗುತ್ತೆ.

ಮೂರು, ಯಜಮಾನ ಬಳಕೆದಾರ. ದರಪಟ್ಟಿ, ಬಿಲ್‌ನ ಕೆಳಗೆ ಬರೋ ಒಕ್ಕಣೆ, ಮೊದಲ ಅಡ್ಮಿನ್‌ನ ಪಾಸ್‌ವರ್ಡ್. ನೀವು ಮೊದಲ ಸಲ ತುಂಬಿ ಕೊಡ್ತೀರಿ. ಆ ಕ್ಷಣದಿಂದ ಅದು ಅವರದು. ಮತ್ತೆ ಮುಟ್ಟೋ ಹಕ್ಕು ನಿಮಗಿಲ್ಲ. ನಾನು ಎಡವಿದ್ದು ಇಲ್ಲೇ.

ನಾಲ್ಕು, ಯಜಮಾನ ಯಾರೂ ಇಲ್ಲ. ಡೆಮೊ ತೋರಿಸೋಕೆ, ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆ ಮಾಡೋಕೆ ತುಂಬೋ ಸುಳ್ಳು ಗ್ರಾಹಕರು, ಸುಳ್ಳು ಬಿಲ್‌ಗಳು. ಇದಕ್ಕೆ ಬೇರೆಯೇ ಕಮಾಂಡ್ ಇರಲಿ. ಅದರ ಮೊದಲ ಕೆಲಸ, ಇದು ಪ್ರೊಡಕ್ಷನ್ ಆಗಿದ್ದರೆ ನಿಲ್ಲು ಅಂತ ಪರೀಕ್ಷಿಸೋದು.

ಈ ಪ್ರಶ್ನೆ ನನ್ನೊಬ್ಬನದಲ್ಲ. ಜ್ಯಾಂಗೋದಲ್ಲಿ ಹಿಂದೆ ಇನಿಶಿಯಲ್ ಡೇಟಾ ಅನ್ನೋ ಹೆಸರಿನ ಫೈಲ್ ಇಟ್ಟರೆ ಸಾಕು, ಅದು ತಾನಾಗೇ ಲೋಡ್ ಆಗ್ತಿತ್ತು, ಅದೂ ಪ್ರತಿ ಸಲ ಮೈಗ್ರೇಟ್ ಓಡಿಸಿದಾಗ. ನೀವು ಆಮೇಲೆ ಬದಲಾಯಿಸುವಂಥ ಡೇಟಾ ಇದರಲ್ಲಿ ಇಡಬೇಡಿ ಅಂತ ಅವರ ದಾಖಲೆಯಲ್ಲೇ ಎಚ್ಚರಿಕೆ ಇತ್ತು. 2014ರಲ್ಲಿ ಬಂದ 1.7ರಲ್ಲಿ, ಇದನ್ನು ಇನ್ನು ಬಳಸಬೇಡಿ ಅಂದರು. 2015ರ ಕೊನೆಗೆ ಬಂದ 1.9ರಲ್ಲಿ ತೆಗೆದೇ ಹಾಕಿದರು. ಅನುಕೂಲ ಅಂತ ಕೊಟ್ಟಿದ್ದನ್ನು ವಾಪಸ್ ತಗೊಂಡರು ಅಂದ್ರೆ ಅದರಲ್ಲಿ ಎಷ್ಟು ಜನ ಎಡವಿರಬೇಕು ಯೋಚನೆ ಮಾಡಿ.

ಫ್ಲಾಸ್ಕ್‌ನಲ್ಲಿ ಎಲ್ಲಿ ಇಡಬೇಕು

ಈಗ ಜಾಗಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಹಳೇ ಟ್ಯುಟೋರಿಯಲ್‌ಗಳಲ್ಲಿ ಸಿಗೋ ಬಿಫೋರ್ ಫಸ್ಟ್ ರಿಕ್ವೆಸ್ಟ್. ಮೊದಲ ವಿನಂತಿ ಬರೋಕೆ ಮುಂಚೆ ಓಡು ಅಂತ ಅರ್ಥ. ಇದನ್ನು ಫ್ಲಾಸ್ಕ್ 2.2ರಲ್ಲಿ ಬೇಡ ಅಂದರು, 2023ರ 2.3ರಲ್ಲಿ ತೆಗೆದರು. ಈಗ ಆ ಕೋಡ್ ಕಾಪಿ ಮಾಡಿದರೆ ಓಡೋದೇ ಇಲ್ಲ. ಹೋಗಿದ್ದು ಒಳ್ಳೆಯದೇ ಆಯ್ತು.

ಎರಡನೆಯದು, ನಾನು ಮಾಡಿದ್ದು, ಕ್ರಿಯೇಟ್ ಆ್ಯಪ್ ಒಳಗೆ. ಇಲ್ಲಿ ಇನ್ನೊಂದು ಅಪಾಯ ಇದೆ. ಪ್ರೊಡಕ್ಷನ್‌ನಲ್ಲಿ ಆ್ಯಪನ್ನು ಗುನಿಕಾರ್ನ್ ಥರದ ಸರ್ವರ್ ಮೂಲಕ ಓಡಿಸ್ತೀವಿ. ಅದು ನಾಲ್ಕು ವರ್ಕರ್ ಎಬ್ಬಿಸಿದರೆ, ಪ್ರೀಲೋಡ್ ಅನ್ನೋ ಆಯ್ಕೆ ಹಾಕದಿದ್ದಾಗ, ಕ್ರಿಯೇಟ್ ಆ್ಯಪ್ ನಾಲ್ಕು ಸಲ ಓಡುತ್ತೆ, ಹೆಚ್ಚು ಕಮ್ಮಿ ಒಂದೇ ಕ್ಷಣದಲ್ಲಿ. ನೀವು ಟೇಬಲ್ ಖಾಲಿ ಇದ್ದರೆ ಮಾತ್ರ ತುಂಬು ಅಂತ ಬರೆದಿರ್ತೀರಿ. ನಾಲ್ಕೂ ವರ್ಕರ್ ಇಣುಕಿ ನೋಡ್ತವೆ, ನಾಲ್ಕಕ್ಕೂ ಖಾಲಿ ಕಾಣುತ್ತೆ, ನಾಲ್ಕೂ ತುಂಬ್ತವೆ. ಯೂನಿಕ್ ನಿಬಂಧನೆ ಇದ್ದರೆ ಮೂರು ವರ್ಕರ್ ಎರರ್ ಕೊಟ್ಟು ಸಾಯ್ತವೆ. ಇಲ್ಲದಿದ್ದರೆ ಡ್ರಾಪ್‌ಡೌನ್‌ನಲ್ಲಿ ಕರ್ನಾಟಕ ನಾಲ್ಕು ಸಲ. ಲ್ಯಾಪ್‌ಟಾಪ್‌ನಲ್ಲಿ ಇದು ಯಾವತ್ತೂ ಕಾಣಲ್ಲ, ಯಾಕಂದ್ರೆ ಅಲ್ಲಿ ಓಡೋದು ಒಂದೇ ಪ್ರಕ್ರಿಯೆ.

ಆ ಖಾಲಿ ಇದ್ದರೆ ಅನ್ನೋ ಷರತ್ತಿಗೆ ಇನ್ನೊಂದು ತೊಡಕೂ ಇದೆ. ಆರು ತಿಂಗಳಾದ ಮೇಲೆ ಐದನೇ ದರ್ಜೆಯೊಂದನ್ನು ಪಟ್ಟಿಗೆ ಸೇರಿಸ್ತೀರಿ. ಟೇಬಲ್ ಖಾಲಿ ಇಲ್ಲ, ಹಾಗಾಗಿ ಹೊಸ ಸಾಲು ಒಳಗೆ ಹೋಗೋದೇ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹೊಸ ಡೇಟಾಬೇಸ್, ಅಲ್ಲಿ ಸರಿ ಕಾಣುತ್ತೆ. ಪ್ರೊಡಕ್ಷನ್‌ನಲ್ಲಿ ಇಲ್ಲ.

ಮೂರನೆಯದು, ಎಸ್‌ಕ್ಯೂಎಲ್‌ಆಲ್ಕೆಮಿಯ ಆಫ್ಟರ್ ಕ್ರಿಯೇಟ್ ಈವೆಂಟ್. ಟೇಬಲ್ ಹುಟ್ಟಿದ ತಕ್ಷಣ ಈ ಸಾಲುಗಳನ್ನು ಹಾಕು ಅಂತ ಹೇಳಬಹುದು. ನೋಡೋಕೆ ಚೆಂದ, ಒಂದೇ ಸಲ ಓಡುತ್ತೆ. ಆದರೆ ಕ್ರಿಯೇಟ್ ಆಲ್ ಮೂಲಕ ಟೇಬಲ್ ಹುಟ್ಟಿದಾಗ ಮಾತ್ರ ಇದನ್ನು ನಂಬಬಹುದು. ಮೈಗ್ರೇಷನ್ ಫೈಲ್ ತನ್ನದೇ ಟೇಬಲ್ ವಿವರಣೆಯಿಂದ ಟೇಬಲ್ ಮಾಡುತ್ತೆ, ನಿಮ್ಮ ಮಾಡೆಲ್‌ಗೆ ಕಟ್ಟಿದ ಈವೆಂಟ್ ಅದಕ್ಕೆ ಗೊತ್ತಾಗಲ್ಲ. ಫ್ಲಾಸ್ಕ್-ಮೈಗ್ರೇಟ್ ಸೇರಿಸಿದ ದಿನ ನಿಮ್ಮ ಸೀಡ್ ಸದ್ದಿಲ್ಲದೆ ನಿಂತುಹೋಗುತ್ತೆ.

ಇಲ್ಲೇ ಇನ್ನೊಂದು ಮಾತು. ಕ್ರಿಯೇಟ್ ಆಲ್ ಇರೋದು ಇಲ್ಲದ ಟೇಬಲ್ ಮಾಡೋಕೆ ಮಾತ್ರ. ಇರೋ ಟೇಬಲ್‌ಗೆ ಹೊಸ ಕಾಲಂ ಸೇರಿಸು ಅಂದ್ರೆ ಸೇರಿಸಲ್ಲ, ಎರರೂ ಕೊಡಲ್ಲ. ಹಾಗಾಗಿ ಪ್ರೊಡಕ್ಷನ್ ಆ್ಯಪ್‌ನಲ್ಲಿ ಮೈಗ್ರೇಷನ್ ಬಂದ ಮೇಲೆ ಕ್ರಿಯೇಟ್ ಆಲ್ ತೆಗೆದುಬಿಡಿ. ಎರಡೂ ಇದ್ದರೆ ಯಾರು ಟೇಬಲ್ ಮಾಡಿದ್ದು ಅಂತಲೇ ಗೊತ್ತಾಗಲ್ಲ.

ನಾಲ್ಕನೆಯದು ಮೈಗ್ರೇಷನ್, ಐದನೆಯದು ಸ್ವಂತ ಕಮಾಂಡ್. ನಾನು ಈಗ ಬಳಸೋದು ಇವೆರಡನ್ನೇ.

ಮೈಗ್ರೇಷನ್‌ನಲ್ಲಿ ಡೇಟಾ

ಫ್ಲಾಸ್ಕ್ ಡಿಬಿ ಮೈಗ್ರೇಟ್ ಅಂತ ಓಡಿಸಿದರೆ ಅದು ನಿಮ್ಮ ಮಾಡೆಲ್‌ಗಳನ್ನೂ ಡೇಟಾಬೇಸನ್ನೂ ಹೋಲಿಸಿ ಫೈಲ್ ಬರೆದು ಕೊಡುತ್ತೆ. ಆದರೆ ಅದು ನೋಡೋದು ಟೇಬಲ್‌ಗಳ ಆಕಾರವನ್ನು ಮಾತ್ರ, ಒಳಗಿನ ಸಾಲುಗಳನ್ನಲ್ಲ. ಡೇಟಾಗೆ ಫ್ಲಾಸ್ಕ್ ಡಿಬಿ ರಿವಿಷನ್ ಅಂತ ಕೊಟ್ಟು ಖಾಲಿ ಫೈಲ್ ಪಡೀರಿ. ಅದರಲ್ಲಿ ಅಪ್‌ಗ್ರೇಡ್, ಡೌನ್‌ಗ್ರೇಡ್ ಅಂತ ಎರಡು ಖಾಲಿ ಫಂಕ್ಷನ್ ಇರ್ತವೆ. ಅಪ್‌ಗ್ರೇಡ್‌ನಲ್ಲಿ ಆಪ್ ಡಾಟ್ ಬಲ್ಕ್ ಇನ್ಸರ್ಟ್ ಬಳಸಿ ಸಾಲುಗಳನ್ನು ಸೇರಿಸಿ. ಡೌನ್‌ಗ್ರೇಡ್‌ನಲ್ಲಿ ನೀವು ಸೇರಿಸಿದ ಸಾಲುಗಳನ್ನು ಮಾತ್ರ ಅಳಿಸಿ, ಇಡೀ ಟೇಬಲ್ಲನ್ನಲ್ಲ.

ಯಾವ ಮೈಗ್ರೇಷನ್ ಓಡಿದೆ ಅನ್ನೋದನ್ನು ಅಲೆಂಬಿಕ್ ಡೇಟಾಬೇಸ್‌ನಲ್ಲೇ ಒಂದು ಟೇಬಲ್‌ನಲ್ಲಿ ಬರೆದಿಡುತ್ತೆ. ಹಾಗಾಗಿ ಒಂದು ಡೇಟಾಬೇಸ್‌ಗೆ ಒಂದೇ ಸಲ. ಐದನೇ ದರ್ಜೆ ಬೇಕಾ? ಇನ್ನೊಂದು ಮೈಗ್ರೇಷನ್ ಬರೀರಿ. ಹಳೇದನ್ನು ತಿದ್ದಬೇಡಿ.

ಒಂದು ಮುಖ್ಯ ನಿಯಮ: ಮೈಗ್ರೇಷನ್ ಫೈಲ್‌ನಲ್ಲಿ ನಿಮ್ಮ ಆ್ಯಪ್‌ನ ಮಾಡೆಲ್ ಕ್ಲಾಸನ್ನು ಇಂಪೋರ್ಟ್ ಮಾಡಬೇಡಿ. ಯಾಕೆ? ಮಾಡೆಲ್ ಇವತ್ತಿನ ಆಕಾರ, ಮೈಗ್ರೇಷನ್ ಅವತ್ತಿನ ಆಕಾರ. ಮಾರ್ಚ್‌ನಲ್ಲಿ ದರ್ಜೆಗಳನ್ನು ತುಂಬೋ ಮೈಗ್ರೇಷನ್ ಬರೆದಿರಿ. ಜುಲೈನಲ್ಲಿ ದರ್ಜೆ ಟೇಬಲ್‌ಗೆ ವಿವರಣೆ ಅನ್ನೋ ಕಾಲಂ ಸೇರಿಸಿದಿರಿ. ಪ್ರೊಡಕ್ಷನ್‌ನಲ್ಲಿ ತೊಂದರೆ ಇಲ್ಲ, ಮಾರ್ಚ್‌ದು ಆಗಲೇ ಓಡಿದೆ. ಆಗಸ್ಟ್‌ನಲ್ಲಿ ಹೊಸ ಹುಡುಗಿ ಟೀಮ್‌ಗೆ ಸೇರ್ತಾಳೆ, ಖಾಲಿ ಡೇಟಾಬೇಸ್ ಮೇಲೆ ಎಲ್ಲ ಮೈಗ್ರೇಷನ್ ಓಡಿಸ್ತಾಳೆ. ಮಾರ್ಚ್‌ನ ಫೈಲ್ ಇವತ್ತಿನ ಮಾಡೆಲ್ ಎತ್ಕೊಂಡು ವಿವರಣೆ ಕಾಲಂಗೆ ಬರೆಯೋಕೆ ಹೋಗುತ್ತೆ. ಆ ಕಾಲಂ ಇನ್ನೂ ಹುಟ್ಟಿಲ್ಲ. ಮೊದಲ ದಿನವೇ ಆಕೆ ಎರರ್ ನೋಡ್ಕೊಂಡು, ತನ್ನದೇ ತಪ್ಪಿರಬೇಕು ಅಂತ ಕೂತಿರ್ತಾಳೆ. ಅದರ ಬದಲು ಮೈಗ್ರೇಷನ್ ಫೈಲ್‌ನಲ್ಲೇ ಬೇಕಾದ ಎರಡು ಮೂರು ಕಾಲಂಗಳ ಹೆಸರು ಕೊಟ್ಟು ಪುಟ್ಟ ಟೇಬಲ್ ವಿವರಣೆ ಬರ್ಕೊಳ್ಳಿ. ನಾಲ್ಕು ಸಾಲು ಹೆಚ್ಚಾಗುತ್ತೆ, ಆದರೆ ಆ ಫೈಲ್ ಎಂದೂ ಕೆಡಲ್ಲ.

ಇನ್ನೊಂದು. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಬದಲಾವಣೆಯೂ ಟ್ರಾನ್ಸಾಕ್ಷನ್ ಒಳಗೇ ನಡೆಯುತ್ತೆ, ಅರ್ಧದಲ್ಲಿ ಬಿದ್ದರೆ ಎಲ್ಲ ವಾಪಸ್. ಮೈಎಸ್‌ಕ್ಯೂಎಲ್‌ನಲ್ಲಿ ಹಾಗಿಲ್ಲ. ಅಲ್ಲಿ ಟೇಬಲ್ ಮಾಡೋದು ಒಂದು ಮೈಗ್ರೇಷನ್, ಡೇಟಾ ತುಂಬೋದು ಇನ್ನೊಂದು ಅಂತ ಬೇರೆ ಇಡಿ. ಅರ್ಧದಲ್ಲಿ ಕೆಟ್ಟರೆ ಎಲ್ಲಿಂದ ಎತ್ತಿಕೊಳ್ಳಬೇಕು ಅಂತ ಗೊತ್ತಿರುತ್ತೆ.

ಸ್ವಂತ ಕಮಾಂಡ್

ಎರಡನೇ ಮತ್ತು ಮೂರನೇ ಜಾತಿಯ ಡೇಟಾಗೆ ಫ್ಲಾಸ್ಕ್‌ನ ಕಮಾಂಡ್ ಸೌಲಭ್ಯ ಬಳಸಿ. ಒಂದು ಫಂಕ್ಷನ್ ಬರೆದು ಅದರ ತಲೆ ಮೇಲೆ ಆ್ಯಪ್ ಡಾಟ್ ಸಿಎಲ್‌ಐ ಡಾಟ್ ಕಮಾಂಡ್ ಅಂತ ಹಾಕಿದರೆ, ಟರ್ಮಿನಲ್‌ನಲ್ಲಿ ಫ್ಲಾಸ್ಕ್ ಅಂತ ಬರೆದು ನಿಮ್ಮ ಹೆಸರು ಕೊಟ್ಟು ಓಡಿಸಬಹುದು. ಆ್ಯಪ್‌ನ ಕಾಂಟೆಕ್ಸ್ಟ್ ತಾನಾಗೇ ಸಿಗುತ್ತೆ. ಮುಖ್ಯವಾಗಿ, ಇದು ರೀಸ್ಟಾರ್ಟ್ ಆದಾಗಲೆಲ್ಲ ಓಡಲ್ಲ. ಒಬ್ಬ ಮನುಷ್ಯ ಅಥವಾ ಡಿಪ್ಲಾಯ್‌ನ ಒಂದು ಹಂತ, ಓಡು ಅಂದಾಗ ಓಡುತ್ತೆ. ಕಂಟೇನರ್ ಬಳಸೋರು ಗಮನಿಸಿ: ಕಂಟೇನರ್ ಶುರುವಾಗೋ ಸ್ಕ್ರಿಪ್ಟ್‌ನಲ್ಲಿ ಇದನ್ನು ಹಾಕಿದರೆ, ಮೂರು ಕಂಟೇನರ್ ಎದ್ದಾಗ ಮತ್ತದೇ ಮೂರು ಸಲ. ಡಿಪ್ಲಾಯ್‌ಗೆ ಮುಂಚೆ ಒಂದೇ ಸಲ ಓಡೋ ಬೇರೆ ಕೆಲಸವಾಗಿ ಇಡಿ.

ಒಳಗೆ ಏನು ಬರೀಬೇಕು? ಇರುತ್ತಾ ಅಂತ ನೋಡು, ಇಲ್ಲದಿದ್ದರೆ ಹಾಕು ಅಂತ ಎರಡು ಹೆಜ್ಜೆ ಬೇಡ. ಡೇಟಾಬೇಸ್‌ಗೇ ಒಂದೇ ಹೆಜ್ಜೆಯಲ್ಲಿ ಹೇಳಿ. ಪೋಸ್ಟ್‌ಗ್ರೆಸ್‌ನಲ್ಲಿ 9.5ರಿಂದ ಆನ್ ಕಾನ್‌ಫ್ಲಿಕ್ಟ್ ಇದೆ. ಅದರಲ್ಲಿ ಎರಡು ರೂಪ. ಡು ನಥಿಂಗ್ ಅಂದ್ರೆ ಇದ್ದರೆ ಸುಮ್ಮನಿರು. ಡು ಅಪ್‌ಡೇಟ್ ಅಂದ್ರೆ ಇದ್ದರೆ ತಿದ್ದು. ಯಜಮಾನ ಬಳಕೆದಾರನಾಗಿದ್ದರೆ ಡು ನಥಿಂಗ್. ಯಜಮಾನ ಹೊರಗಿನವರಾಗಿದ್ದರೆ ಡು ಅಪ್‌ಡೇಟ್. ನನ್ನ 9,400 ರೂಪಾಯಿಯ ಪಾಠ ಈ ಎರಡು ಪದಗಳ ನಡುವೆ ಇದೆ.

ಸಣ್ಣ ಸಣ್ಣ ಮುಳ್ಳುಗಳು

ಈಗ ಕಾಲಿಗೆ ಚುಚ್ಚೋ ಮುಳ್ಳುಗಳು.

ಒಂದೇ ಸಾಲು ಅಂತ ಗುರುತಿಸೋದು ಯಾವುದರಿಂದ? ಹೆಸರಿನಿಂದ ಬೇಡ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯ್ತು. ಬೆಲ್ಗಾಮ್ ಹೋಗಿ ಬೆಳಗಾವಿ, ಗುಲ್ಬರ್ಗ ಹೋಗಿ ಕಲಬುರಗಿ. ಹೆಸರೇ ಕೀಲಿಯಾಗಿದ್ದ ಪಟ್ಟಿಗೆ ಹೊಸ ಫೈಲ್ ಲೋಡ್ ಮಾಡಿದರೆ ಎರಡೂ ಸಾಲು ಉಳೀತವೆ, ಅರ್ಧ ಗ್ರಾಹಕರು ಹಳೇ ಊರಲ್ಲಿ, ಅರ್ಧ ಹೊಸ ಊರಲ್ಲಿ. ಬದಲಾಗದ ಒಂದು ಸಂಕೇತ ಇಡಿ, ಅದಕ್ಕೆ ಯೂನಿಕ್ ನಿಬಂಧನೆ ಹಾಕಿ. ಹೆಸರು ಬರೀ ತೋರಿಸೋಕೆ.

ಸಂಕೇತ ಅಂದಾಗ, ಅದನ್ನು ಸಂಖ್ಯೆ ಅಂತ ತಿಳೀಬೇಡಿ. ಜಿಎಸ್‌ಟಿಯಲ್ಲಿ ಕರ್ನಾಟಕ 29, ಮಹಾರಾಷ್ಟ್ರ 27, ತಮಿಳುನಾಡು 33, ತೆಲಂಗಾಣ 36. ಇಲ್ಲಿವರೆಗೆ ತೊಂದರೆ ಇಲ್ಲ. ದೆಹಲಿ 07. ಎಕ್ಸೆಲ್ ಅದನ್ನು 7 ಮಾಡುತ್ತೆ, ಇಂಟಿಜರ್ ಕಾಲಂ ಕೂಡ 7 ಮಾಡುತ್ತೆ. ಜಿಎಸ್‌ಟಿ ನಂಬರ್‌ನ ಮೊದಲ ಎರಡು ಅಕ್ಷರಕ್ಕೆ ಹೋಲಿಸಿದಾಗ ದೆಹಲಿಯವರೆಲ್ಲ ಕಾಣೆ. ಅಕ್ಷರ ರೂಪದಲ್ಲೇ ಇಡಿ.

ಪಟ್ಟಿಯಿಂದ ಹೋದದ್ದನ್ನು ಅಳಿಸಬೇಡಿ. 2020ರ ಜನವರಿ 26ಕ್ಕೆ ದಮನ್ ಮತ್ತು ದಿಯು, ದಾದ್ರಾ ಮತ್ತು ನಗರ್ ಹವೇಲಿ ಎರಡೂ ಸೇರಿ ಒಂದೇ ಕೇಂದ್ರಾಡಳಿತ ಪ್ರದೇಶ ಆಯ್ತು. ದಮನ್ ಮತ್ತು ದಿಯುಗೆ ಇದ್ದ ಜಿಎಸ್‌ಟಿ ಸಂಕೇತ 25. ಆ ಸಾಲು ಅಳಿಸಿದರೆ ಹಳೇ ಬಿಲ್‌ಗಳು ಯಾವ ರಾಜ್ಯದವು? ಚಾಲ್ತಿಯಲ್ಲಿದೆಯಾ ಅನ್ನೋ ಒಂದು ಕಾಲಂ ಇಟ್ಟು, ಇಲ್ಲ ಅಂತ ಗುರುತು ಹಾಕಿ. ಹೊಸ ಬಿಲ್‌ನ ಪಟ್ಟಿಯಲ್ಲಿ ಕಾಣಲ್ಲ, ಹಳೇದರಲ್ಲಿ ಉಳಿಯುತ್ತೆ. ತೆರಿಗೆ ದರಗಳಿಗೂ ಹೀಗೇ. 2025ರ ಸೆಪ್ಟೆಂಬರ್ 22ರಿಂದ ಎಷ್ಟೋ ವಸ್ತುಗಳ ಜಿಎಸ್‌ಟಿ ದರ ಬದಲಾಯ್ತು. ಇದ್ದ ಸಾಲಿನ ಮೇಲೆ ಹೊಸ ದರ ಬರೆದರೆ ಆಗಸ್ಟ್‌ನ ಬಿಲ್ ಮತ್ತೆ ಪ್ರಿಂಟ್ ಮಾಡಿದಾಗ ಮೊತ್ತ ಬದಲಾಗುತ್ತೆ. ಯಾವತ್ತಿನಿಂದ ಅನ್ನೋ ದಿನಾಂಕದ ಜೊತೆ ಹೊಸ ಸಾಲು ಸೇರಿಸಿ.

ಐಡಿಯನ್ನು ಕೈಯಾರೆ ಕೊಡಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಐಡಿ ಹಂಚೋ ಸೀಕ್ವೆನ್ಸ್ ಬೇರೆಯೇ ಇರುತ್ತೆ. ನೀವೇ 1ರಿಂದ 40ರವರೆಗೆ ಕೊಟ್ಟು ತುಂಬಿದರೆ ಅದಕ್ಕೆ ಗೊತ್ತಾಗಲ್ಲ. ಮೊದಲ ಬಳಕೆದಾರ ಹೊಸ ಪರೀಕ್ಷೆ ಸೇರಿಸೋಕೆ ಹೋದಾಗ ಅದು 1 ಅಂತ ಕೊಡುತ್ತೆ, ಡೂಪ್ಲಿಕೇಟ್ ಕೀ ಎರರ್ ಬರುತ್ತೆ. ಕೊಡಲೇಬೇಕಾದರೆ ತುಂಬಿದ ಮೇಲೆ ಸೆಟ್‌ವಾಲ್‌ನಿಂದ ಸೀಕ್ವೆನ್ಸನ್ನು ಮುಂದೆ ತಳ್ಳಿ.

ಫೈಲ್‌ನಲ್ಲಿ ಕನ್ನಡ ಇದ್ದರೆ, ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆದೇ ಹೇಳಿ. ನಿಮ್ಮ ಲಿನಕ್ಸ್‌ನಲ್ಲಿ ಹೇಳದಿದ್ದರೂ ನಡೆಯುತ್ತೆ, ಗೆಳೆಯನ ವಿಂಡೋಸ್‌ನಲ್ಲಿ ಬೀಳುತ್ತೆ. ಎಕ್ಸೆಲ್‌ನಿಂದ ಸಿಎಸ್‌ವಿ ಯುಟಿಎಫ್-8 ಅಂತ ಸೇವ್ ಮಾಡಿದ ಫೈಲ್‌ನ ತಲೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತೆ, ಮೊದಲ ಕಾಲಂನ ಹೆಸರೇ ಸಿಗ್ತಿಲ್ಲ ಅನ್ನುತ್ತೆ ಕೋಡ್. ಅದಕ್ಕೆ ಯುಟಿಎಫ್-8-ಸಿಗ್ ಅನ್ನೋ ಎನ್‌ಕೋಡಿಂಗ್ ಕೊಡಿ.

ಮೊದಲ ಅಡ್ಮಿನ್‌ನ ಪಾಸ್‌ವರ್ಡನ್ನು ಸೀಡ್ ಫೈಲ್‌ನಲ್ಲಿ ಬರೀಬೇಡಿ. ಗಿಟ್‌ಗೆ ಹೋದದ್ದು ಹೋಯ್ತು. ಕಮಾಂಡ್ ಓಡಿಸುವಾಗ ಕೇಳಿಸಿ.

ಕೊನೆಗೆ ಟೆಸ್ಟ್. ಪ್ರೊಡಕ್ಷನ್ ಮೈಗ್ರೇಷನ್‌ನಿಂದ, ಟೆಸ್ಟ್ ಕ್ರಿಯೇಟ್ ಆಲ್‌ನಿಂದ ಅಂತಾದರೆ, ಟೆಸ್ಟ್ ಡೇಟಾಬೇಸ್‌ನಲ್ಲಿ ದರ್ಜೆಗಳೇ ಇರಲ್ಲ. ಟೆಸ್ಟ್ ಶುರುವಿನಲ್ಲೂ ಒಂದು ಸಲ ಅಪ್‌ಗ್ರೇಡ್ ಓಡಿಸಿ. ಸ್ವಲ್ಪ ನಿಧಾನ, ಆದರೆ ಖಾಲಿ ಡೇಟಾಬೇಸ್‌ನಿಂದ ಇವತ್ತಿನವರೆಗಿನ ದಾರಿ ಪ್ರತಿ ಸಲವೂ ಪರೀಕ್ಷೆ ಆದಂತಾಗುತ್ತೆ.

ಸೋಮವಾರ ಮಾಡಬೇಕಾದ್ದು

ಇಷ್ಟೆಲ್ಲ ಕೇಳಿ, ನಿಮ್ಮ ಪ್ರಾಜೆಕ್ಟ್‌ನಲ್ಲಿ ಏನಿದೆ ಅಂತ ನೋಡಬೇಕು ಅನ್ನಿಸಿದರೆ, ಹತ್ತು ನಿಮಿಷದ ಒಂದು ಪರೀಕ್ಷೆ ಹೇಳ್ತೀನಿ. ಸ್ಟೇಜಿಂಗ್ ಸರ್ವರ್‌ನಲ್ಲಿ, ಬಳಕೆದಾರರ ಸ್ಕ್ರೀನ್‌ನಿಂದಲೇ, ಒಂದು ದರ ಅಥವಾ ಒಂದು ಸೆಟ್ಟಿಂಗ್ ಬದಲಾಯಿಸಿ. ಒಂದು ಸಾಲು ಹೊಸದಾಗಿ ಸೇರಿಸಿ. ಒಂದು ಸಾಲು ಅಳಿಸಿ. ಆಮೇಲೆ ಪೂರ್ತಿ ಡಿಪ್ಲಾಯ್ ಮಾಡಿ, ಎರಡು ಸಲ ರೀಸ್ಟಾರ್ಟ್ ಮಾಡಿ. ಈಗ ಹೋಗಿ ನೋಡಿ. ಬದಲಾಯಿಸಿದ್ದು ಹಾಗೇ ಇದೆಯಾ? ಸೇರಿಸಿದ್ದು ಇದೆಯಾ? ಅಳಿಸಿದ್ದು ಎದ್ದು ಬಂದಿದೆಯಾ? ಎದ್ದು ಬಂದಿದ್ದರೆ, ನಿಮ್ಮ ಆ್ಯಪ್‌ನಲ್ಲೂ ಹಿಂಬಾಗಿಲಿಂದ ಯಾರೋ ಓಡಾಡ್ತಿದ್ದಾರೆ ಅಂತ ಅರ್ಥ. ಹುಷಾರು, ಅಳಿಸಿದ್ದರ ವಿಷಯದಲ್ಲಿ ಡು ನಥಿಂಗ್ ಕೂಡ ಕಾಪಾಡಲ್ಲ. ಸಾಲೇ ಇಲ್ಲ ಅಂದ್ರೆ ಅದಕ್ಕೆ ಅಡ್ಡ ಏನೂ ಕಾಣಲ್ಲ, ಮತ್ತೆ ಹಾಕುತ್ತೆ. ಅದಕ್ಕೇ ಬಳಕೆದಾರನ ಡೇಟಾ ತುಂಬೋ ಕಮಾಂಡನ್ನು ಹೊಸ ಗ್ರಾಹಕ ಬಂದ ದಿನ ಮಾತ್ರ ಓಡಿಸ್ತೀನಿ, ಡಿಪ್ಲಾಯ್ ಜೊತೆ ಕಟ್ಟಲ್ಲ.

ಜೊತೆಗೆ, ಸೀಡ್ ಕಮಾಂಡ್ ಏನಾದರೂ ಬದಲಾಯಿಸಿದರೆ ಅದನ್ನೂ ಲಾಗ್‌ಗೆ ಬರೀರಿ. ಬದಲಾಯಿಸಿದವರು ಅನ್ನೋ ಜಾಗದಲ್ಲಿ ಸಿಸ್ಟಮ್ ಅಂತ ಹಾಕಿ. ಅವತ್ತು ಆ ಲಾಗ್‌ನಲ್ಲಿ ಆ ಒಂದು ಸಾಲು ಇದ್ದಿದ್ದರೆ ಆಕೆ ಮೇಲೆ ಯಾರೂ ಬೆರಳು ಮಾಡ್ತಿರಲಿಲ್ಲ.

ಆ ಲ್ಯಾಬ್‌ನ ಸೀಡ್ ಫಂಕ್ಷನ್ ಅಳಿಸಿ, ಮೈಗ್ರೇಷನ್‌ಗೆ ಹಾಕೋದು ಮೈಗ್ರೇಷನ್‌ಗೆ ಹಾಕಿ, ದರಪಟ್ಟಿಯನ್ನು ಬೇರೆ ಕಮಾಂಡ್‌ಗೆ ತಂದ ದಿನ ಮತ್ತೆ ಅಲ್ಲಿಗೆ ಹೋಗಿದ್ದೆ. ಆಕೆ ನನ್ನ ಎದುರಿಗೇ ದರ 550 ಇದೆಯಾ ಅಂತ ನೋಡಿದರು. ರೀಸ್ಟಾರ್ಟ್ ಮಾಡಿ ಅಂದರು. ಮಾಡಿದೆ. ಮತ್ತೆ ನೋಡಿದರು. ಇನ್ನೊಂದು ಸಲ ಮಾಡಿ ಅಂದರು. ಮಾಡಿದೆ. ಮೂರನೇ ಸಲಕ್ಕೆ ಸರಿ ಅಂತ ತಲೆ ಆಡಿಸಿ ಮುಂದಿನ ರೋಗಿಯನ್ನು ಕರೆದರು. ಯಾವ ಟೂಲೂ ಇಲ್ಲದೆ ಆಕೆ ಮಾಡಿದ ಟೆಸ್ಟ್ ಅದು, ಮತ್ತು ನಾನು ಬರೆಯದೇ ಬಿಟ್ಟಿದ್ದ ಟೆಸ್ಟ್ ಕೂಡ ಅದೇ.

ಇವತ್ತಿಗೆ ಇಷ್ಟು. ಮುಂದಿನ ವಿಡಿಯೋದಲ್ಲಿ ಲಕ್ಷಗಟ್ಟಲೆ ಸಾಲುಗಳಿರೋ ಟೇಬಲ್ಲನ್ನು ಆ್ಯಪ್ ನಿಲ್ಲಿಸದೆ ಬದಲಾಯಿಸೋದು ಹೇಗೆ ಅಂತ ನೋಡೋಣ.